ಒಂಟಿ ಲೋಹವೋ, ಕ್ಲಸ್ಟರೋ, ಘನ ಕ್ಯಾಟಲಿಸ್ಟೋ? ಮುಂಬೈ, ಪುಣೆ, ಗೋವಾದಲ್ಲಿ ಪಿಎಚ್‌ಡಿಗೆ ಸೇರುವವರಿಗೆ

ಧಾರವಾಡ, ಬೆಳಗಾವಿ, ಕಾರವಾರದಿಂದ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಬರುವ ಹುಡುಗ ಹುಡುಗಿಯರಿರಲಿ, ಇಲ್ಲೇ ಠಾಣೆ, ಡೊಂಬಿವಲಿಯಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳಿರಲಿ, ಮೊದಲು ಕೇಳೋದು ಒಂದೇ ಪ್ರಶ್ನೆ. ಐಐಟಿ ಒಳ್ಳೆಯದಾ, ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಒಳ್ಳೆಯದಾ? ಅದು ಎರಡನೇ ಪ್ರಶ್ನೆ. ಐದು ವರ್ಷ ಯಾವ ಥರದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಜೊತೆ ಬದುಕುತ್ತೀರಿ ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಊರು, ಸಂಸ್ಥೆ, ಗೈಡ್ ಎಲ್ಲ ಅದರ ಹಿಂದೆ ಬರಲಿ.

ಲೋಹ ಇಟ್ಟುಕೊಂಡು ಕ್ಯಾಟಲಿಸಿಸ್ ಮಾಡಲು ಹೊರಟವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದೇ ಲೋಹದ ಪರಮಾಣು ನಡುವೆ ಕೂತಿರುವ ಆರ್ಗನೋಮೆಟಾಲಿಕ್ ಕಾಂಪ್ಲೆಕ್ಸ್. ಮೂರೋ ಆರೋ ಇಪ್ಪತ್ತೈದೋ ಲೋಹದ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡಿರುವ ಕ್ಲಸ್ಟರ್. ಕೊನೆಯದು ಆಕ್ಸೈಡ್ ಅಥವಾ ಜಿಯೊಲೈಟ್ (ಅತಿ ಸಣ್ಣ ರಂಧ್ರಗಳಿರುವ ಖನಿಜದಂಥ ವಸ್ತು) ಮೇಲೆ ಲೋಹ ಕೂರಿಸಿದ ಘನ ಕ್ಯಾಟಲಿಸ್ಟ್. ಮೂರರಲ್ಲೂ ನಿಮ್ಮನ್ನು ಕಾಡುವ ಪ್ರಶ್ನೆ ಒಂದೇ: ಫ್ಲಾಸ್ಕಿನೊಳಗೆ ನಿಜವಾಗಿ ಕೆಲಸ ಮಾಡಿದ್ದು ಯಾರು? ನೀವು ಹಾಕಿದ ಅಣುವೇ, ಅದು ಒಡೆದು ಹುಟ್ಟಿದ ಇನ್ನೊಂದೇ? ಉತ್ತರ ಹುಡುಕುವ ರೀತಿ ಮಾತ್ರ ಮೂರರಲ್ಲೂ ಬೇರೆ ಬೇರೆ, ಬೇಕಾಗುವ ಉಪಕರಣವೂ ಬೇರೆ. ಆ ಹುಡುಕಾಟ ನಿಮ್ಮ ಸ್ವಭಾವಕ್ಕೆ ಒಗ್ಗುತ್ತಾ, ಆ ಉಪಕರಣ ನೀವು ಸೇರುವ ಜಾಗದಲ್ಲಿ ಇದೆಯಾ? ಆರಿಸುವಾಗ ನಾನು ನೋಡೋದು ಇದನ್ನೇ.

ಒಂಟಿ ಲೋಹ

ಶುರು ಮಾಡಲು ಇದು ಎಲ್ಲಕ್ಕಿಂತ ಸುಲಭದ ದಾರಿ. ವಿಲ್ಕಿನ್ಸನ್ ಕ್ಯಾಟಲಿಸ್ಟ್ ನಿಮಗೆಲ್ಲ ಗೊತ್ತು, ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ: ನಡುವೆ ರೋಡಿಯಂ, ಸುತ್ತ ಮೂರು ಟ್ರೈಫಿನೈಲ್‌ಫಾಸ್ಫೀನ್, ಒಂದು ಕ್ಲೋರೈಡ್. ಆದರೆ ಅದರ ಫಾಸ್ಫರಸ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ನ್ಯೂಕ್ಲಿಯಸ್ ಕೊಡುವ ಸಿಗ್ನಲ್) ಅನ್ನು ಒಮ್ಮೆ ನೀವೇ ತೆಗೆದು ನೋಡಬೇಕು. ಪ್ರಕೃತಿಯಲ್ಲಿ ಸಿಗುವ ರೋಡಿಯಂ ಎಲ್ಲವೂ 103ರ ಒಂದೇ ಐಸೊಟೋಪ್, ಅದರ ಸ್ಪಿನ್ ಅರ್ಧ. ಹಾಗಾಗಿ ರೋಡಿಯಂಗೆ ಅಂಟಿಕೊಂಡಿರುವ ಪ್ರತಿ ಫಾಸ್ಫರಸ್ ಸಿಗ್ನಲ್ಲೂ ಎರಡಾಗಿ ಸೀಳುತ್ತದೆ. ಬಿಟ್ಟುಹೋದ ಫಾಸ್ಫೀನ್ ಸೀಳದೆ ಒಂದೇ ಗೆರೆಯಾಗಿ ಬೇರೆ ಕಡೆ ನಿಲ್ಲುತ್ತದೆ. ಯಾವುದು ಲೋಹದ ಮೇಲಿದೆ, ಯಾವುದು ಎದ್ದುಹೋಯಿತು ಅನ್ನೋದು ಕಣ್ಣೆದುರೇ ಕಾಣುತ್ತದೆ. "ಯಾರು ಕೆಲಸ ಮಾಡಿದ್ದು" ಅನ್ನೋ ಪ್ರಶ್ನೆಗೆ ಇಷ್ಟು ಸಲೀಸಾಗಿ ಸುಳಿವು ಸಿಗುವ ದಾರಿ ಇನ್ನೊಂದಿಲ್ಲ.

ಕೆಲಸದ ದೃಷ್ಟಿಯಿಂದಲೂ ಇದೇ ಮುಂದೆ. ಮೆಥನಾಲ್‌ಗೆ ಕಾರ್ಬನ್ ಮೊನಾಕ್ಸೈಡ್ ಸೇರಿಸಿ ಅಸಿಟಿಕ್ ಆಮ್ಲ ಮಾಡುವ ಮೊನ್ಸಾಂಟೊ ವಿಧಾನ 1970ರಲ್ಲಿ ರೋಡಿಯಂ ಮೇಲೆ ಕಾರ್ಖಾನೆ ಮಟ್ಟಕ್ಕೆ ಬಂತು. 1996ರಲ್ಲಿ ಬಿಪಿ ಕಂಪನಿ ಅದೇ ಕೆಲಸಕ್ಕೆ ಇರಿಡಿಯಂ ತಂದಿತು. ಪಲ್ಲೇಡಿಯಂ ಬಳಸಿ ಇಂಗಾಲಕ್ಕೆ ಇಂಗಾಲ ಜೋಡಿಸುವ ಕ್ರಿಯೆಗಳಿಗೆ 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಮೂವರಿಗೂ ನೊಬೆಲ್ ಬಂತು. ಇವತ್ತು ನವಿ ಮುಂಬೈಯಿಂದ ಪುಣೆವರೆಗಿನ ಔಷಧ ಕಂಪನಿಗಳ ಪ್ರೋಸೆಸ್ ಲ್ಯಾಬ್‌ಗಳಲ್ಲಿ ಸುಜುಕಿ ಅಂದರೆ ದಿನನಿತ್ಯದ ಮಾತು. ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಲ್ಲಿ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಜಾಸ್ತಿ ಪಲ್ಲೇಡಿಯಂ ದೇಹಕ್ಕೆ ಹೋಗಬಾರದು ಅಂತ ಅಂತಾರಾಷ್ಟ್ರೀಯ ಮಿತಿ ಇದೆ. ಹಾಗಾಗಿ ಜೋಡಣೆ ಮಾಡೋದು ಮಾತ್ರ ಅಲ್ಲ, ಆಮೇಲೆ ಆ ಲೋಹವನ್ನು ಹೊರಗೆ ತೆಗೆಯೋದು ಹೇಗೆ ಅಂತ ತಿಳಿದವರಿಗೆ ಇಂಟರ್‌ವ್ಯೂನಲ್ಲಿ ಬೆಲೆ ಇದೆ.

ತೊಂದರೆ ಏನಂದರೆ, ಇಲ್ಲಿ ಜನ ತುಂಬಾ ಜಾಸ್ತಿ. ಒಂದು ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಳ್ಳುವ ಅಣು) ಬದಲಾಯಿಸಿ, ಮೂವತ್ತು ಸಬ್‌ಸ್ಟ್ರೇಟ್ (ಕ್ರಿಯೆಗೆ ಹಾಕುವ ಮೂಲವಸ್ತು) ಓಡಿಸಿ, ಯೀಲ್ಡ್‌ಗಳ ಕೋಷ್ಟಕ ಹಾಕಿದರೆ ಒಂದು ಪೇಪರ್ ಆಗುತ್ತದೆ. ಅಂಥ ನಾಲ್ಕು ಪೇಪರ್ ಸೇರಿದರೆ ಥೀಸಿಸ್ ಕೂಡ ಆಗುತ್ತದೆ. ಆದರೆ ಅದರಲ್ಲಿ ನಿಮಗೆ ರಸಾಯನಶಾಸ್ತ್ರ ಎಷ್ಟು ಬಂತು? ಹೋಗೋದಾದರೆ ಕ್ರಿಯೆಯ ವೇಗ ಅಳೆಯುವ, ನಡುವಿನ ಘಟ್ಟದ ಅಣುವನ್ನು ಹಿಡಿದು ತೋರಿಸುವ ಗುಂಪಿಗೆ ಹೋಗಿ. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್‌ನಂಥ ಅಗ್ಗದ ಲೋಹಗಳ ಮೇಲೆ ಕೆಲಸ ಮಾಡುವ ಗುಂಪು ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ಕಲಿಯೋದು ಬೇಕಾದಷ್ಟಿದೆ.

ಕ್ಲಸ್ಟರ್

ನನಗೆ ಪ್ರೀತಿ ಇರೋದು ಇದರ ಮೇಲೆ. ಹಾಗಂತ ಎಲ್ಲರಿಗೂ ಇದನ್ನೇ ಹೇಳೋದಿಲ್ಲ.

ಇಲ್ಲಿ ಲೋಹದ ಪರಮಾಣುಗಳು ನೇರವಾಗಿ ಬಂಧ ಕಟ್ಟಿಕೊಂಡು ತ್ರಿಕೋನ, ಚತುರ್ಮುಖಿ, ಅಷ್ಟಮುಖಿ ಆಗಿ ಕೂತಿರುತ್ತವೆ. ಹೊರಗಡೆ ಬಹುಪಾಲು ಕಾರ್ಬನ್ ಮೊನಾಕ್ಸೈಡ್ ಹೊದಿಕೆ, ಹೀಗೆ ಲೋಹಕ್ಕೆ ಅಂಟಿದ ಒಂದೊಂದಕ್ಕೂ ಕಾರ್ಬೊನಿಲ್ ಅನ್ನುತ್ತಾರೆ. ಎಲೆಕ್ಟ್ರಾನ್ ಲೆಕ್ಕ ಕೂಡಿಸಿದರೆ ಆಕಾರ ಹೊರಬೀಳುತ್ತದೆ: ತ್ರಿಕೋನಕ್ಕೆ 48, ಚತುರ್ಮುಖಿಗೆ 60, ಅಷ್ಟಮುಖಿಗೆ 86. ಕೆನೆತ್ ವೇಡ್ 1971ರಲ್ಲಿ ಕೊಟ್ಟ ನಿಯಮಗಳು, ಆಮೇಲೆ ಮಿಂಗೋಸ್ ಅವನ್ನು ಬೆಳೆಸಿದ ರೀತಿ, ಈ ವಿಷಯದ ಅಡಿಪಾಯ. ಎರಡು ಹೈಡ್ರೋಜನ್, ಹತ್ತು ಕಾರ್ಬೊನಿಲ್ ಇರುವ ಮೂರು ಆಸ್ಮಿಯಂಗಳ ಕ್ಲಸ್ಟರ್ ತೆಗೆದುಕೊಳ್ಳಿ. ಲೆಕ್ಕ 46ಕ್ಕೇ ನಿಲ್ಲುತ್ತದೆ, ಎರಡು ಕಡಿಮೆ. ಅದಕ್ಕೇ ಆ ಅಣು ಎದುರು ಸಿಕ್ಕ ಫಾಸ್ಫೀನನ್ನೋ ಕಾರ್ಬನ್ ಮೊನಾಕ್ಸೈಡನ್ನೋ ಮೃದುವಾದ ಸ್ಥಿತಿಯಲ್ಲೇ ಎಳೆದುಕೊಳ್ಳುತ್ತದೆ. ಕಾಗದದ ಮೇಲೆ ಮಾಡಿದ ಕೂಡುವ ಲೆಕ್ಕ ಫ್ಲಾಸ್ಕಿನಲ್ಲಿ ನಿಜವಾಗೋದನ್ನ ನೋಡಿದರೆ ಖುಷಿಯಾಗದೆ ಇರುತ್ತದೆಯೇ?

ದಿನದ ಕೆಲಸ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ರುಥೇನಿಯಂನ ಮೂರು ಪರಮಾಣುಗಳ ಕಾರ್ಬೊನಿಲ್ ಕಿತ್ತಳೆ ಬಣ್ಣದ ಪುಡಿ. ಅದನ್ನು ಸಾಲ್ವೆಂಟಿನಲ್ಲಿ ಫಾಸ್ಫೀನ್ ಜೊತೆ ಬಿಸಿ ಮಾಡುತ್ತೀರಿ, ಸಾಲ್ವೆಂಟ್ ಹಾರಿಸುತ್ತೀರಿ, ಉಳಿದದ್ದನ್ನು ತೊಟ್ಟು ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ ದಪ್ಪ ಸಿಲಿಕಾ ಹಚ್ಚಿದ ಗಾಜಿನ ಪ್ಲೇಟಿನ ಕೆಳಗಡೆ ಒಂದು ಗೆರೆಯಾಗಿ ಎಳೆಯುತ್ತೀರಿ. ಹೆಕ್ಸೇನ್ ಮೇಲೇರುತ್ತಿದ್ದ ಹಾಗೆ ಗೆರೆ ಬಿಡಿಸಿಕೊಳ್ಳುತ್ತದೆ: ಮೇಲೆ ಉಳಿದುಹೋದ ಮೂಲವಸ್ತುವಿನ ಹಳದಿ, ಕೆಳಗೆ ಕಿತ್ತಳೆ, ಅದರ ಕೆಳಗೆ ಕೆಂಪು, ಬುಡದಲ್ಲಿ ಕದಲದ ಕಂದು. ಯುವಿ ದೀಪ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಒಂದೊಂದು ಪಟ್ಟಿಯನ್ನೂ ಸ್ಪ್ಯಾಟುಲಾದಲ್ಲಿ ಕೆರೆದು, ತೊಳೆದು, ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಂ) ತೆಗೆಯುತ್ತೀರಿ. ಬಿಡಿ ಕಾರ್ಬನ್ ಮೊನಾಕ್ಸೈಡ್ 2143 ಸೆಂ.ಮೀ.⁻¹ರಲ್ಲಿ ಬರುತ್ತದೆ. ಒಂದೇ ಲೋಹಕ್ಕೆ ತಗುಲಿಕೊಂಡದ್ದು ಅದಕ್ಕಿಂತ ಕೆಳಗೆ ಸುಮಾರು 1850ರವರೆಗೆ, ಎರಡು ಲೋಹಗಳ ಮಧ್ಯೆ ಸೇತುವೆಯಾಗಿ ಕೂತದ್ದು ಇನ್ನೂ ಕೆಳಗೆ. ಐದು ನಿಮಿಷದಲ್ಲಿ ಅರ್ಧ ಕಥೆ ಗೊತ್ತಾಗುತ್ತದೆ. ರುಥೇನಿಯಂ, ಆಸ್ಮಿಯಂ ಕ್ಲಸ್ಟರ್‌ಗಳಲ್ಲಿ ಬಹಳಷ್ಟು ಗಾಳಿಯಲ್ಲೇ ಈ ಕೆಲಸಕ್ಕೆ ತಡೆದುಕೊಳ್ಳುತ್ತವೆ, ಗ್ಲವ್‌ಬಾಕ್ಸ್‌ಗಾಗಿ (ಒಳಗೆ ಗಾಳಿ ಬಾರದ, ಕೈಗವಸು ಜೋಡಿಸಿದ ಪೆಟ್ಟಿಗೆ) ಸರದಿ ಕಾಯುವ ಗೋಳು ಕಡಿಮೆ.

ಉಳಿದರ್ಧ ಕಥೆಗೆ ಹರಳು ಬೇಕೇ ಬೇಕು. ಇದಕ್ಕೆ ದೊಡ್ಡ ಸಾಕ್ಷಿ ರೋಡಿಯಂನದು. 1943ರಲ್ಲಿ ಜರ್ಮನಿಯಲ್ಲಿ ಹೀಬರ್ ಗುಂಪು ಒಂದು ರೋಡಿಯಂ ಕಾರ್ಬೊನಿಲ್ ಮಾಡಿ ನಾಲ್ಕು ರೋಡಿಯಂ, ಹನ್ನೊಂದು ಕಾರ್ಬೊನಿಲ್ ಅಂತ ಸೂತ್ರ ಬರೆಯಿತು. 1963ರಲ್ಲಿ ಎಕ್ಸ್-ರೇ ರಚನೆ ಬಂದ ಮೇಲೆ ಗೊತ್ತಾಯಿತು, ಅದು ಆರು ರೋಡಿಯಂ, ಹದಿನಾರು ಕಾರ್ಬೊನಿಲ್‌ಗಳ ಅಷ್ಟಮುಖಿ. ಅಷ್ಟು ವರ್ಷ ಸೂತ್ರವೇ ತಪ್ಪಾಗಿತ್ತು. ಹಾಗಾಗಿ ಒಂಟಿ ಹರಳಿನ ಎಕ್ಸ್-ರೇ ಡಿಫ್ರಾಕ್ಟೋಮೀಟರ್ ಕೈಗೆಟುಕದ ಜಾಗದಲ್ಲಿ ಕ್ಲಸ್ಟರ್ ಪಿಎಚ್‌ಡಿಗೆ ಸೇರಬೇಡಿ. ಈ ಒಂದು ವಿಷಯದಲ್ಲಿ ನನ್ನ ಮಾತು ಗಟ್ಟಿ.

ಈಗ ಕ್ಯಾಟಲಿಸಿಸ್‌ಗೆ ಬರೋಣ, ಕಷ್ಟ ಶುರುವಾಗೋದು ಇಲ್ಲೇ. 1970ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಮ್ಯೂಟರ್ಟೀಸ್ ಮತ್ತಿತರರು ಒಂದು ದೊಡ್ಡ ಆಸೆ ಹುಟ್ಟಿಸಿದರು: ಕ್ಲಸ್ಟರ್ ಅಂದರೆ ಲೋಹದ ಮೇಲ್ಮೈಯ ಒಂದು ಚೂರು ಇದ್ದ ಹಾಗೆ, ಮೇಲ್ಮೈ ಮೇಲೆ ಆಗುವ ಕ್ರಿಯೆಗಳನ್ನು ದ್ರಾವಣದಲ್ಲೇ ಮಾಡಬಹುದು ಅಂತ. ಯೂನಿಯನ್ ಕಾರ್ಬೈಡ್ ಕಂಪನಿ ರೋಡಿಯಂ ಕ್ಲಸ್ಟರ್ ಇಟ್ಟುಕೊಂಡು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್‌ನಿಂದ ನೇರವಾಗಿ ಎಥಿಲೀನ್ ಗ್ಲೈಕಾಲ್ ಮಾಡಲು ಹೊರಟಿತು. ನೂರಾರು ವಾತಾವರಣಗಳಷ್ಟು ಒತ್ತಡ ಬೇಕಾಯಿತು, ಕಾರ್ಖಾನೆಯಾಗಿ ನಿಲ್ಲಲಿಲ್ಲ. 1977ರಲ್ಲಿ ಪೀಟರ್ ಫೋರ್ಡ್ ಮತ್ತು ಜೊತೆಗಾರರು ಕ್ಷಾರದ ದ್ರಾವಣದಲ್ಲಿ ರುಥೇನಿಯಂ ಕಾರ್ಬೊನಿಲ್ ಹಾಕಿ, ಕಾರ್ಬನ್ ಮೊನಾಕ್ಸೈಡ್ ಮತ್ತು ನೀರಿನಿಂದ ಹೈಡ್ರೋಜನ್ ತೆಗೆದದ್ದು ಒಳ್ಳೆಯ ಕೆಲಸ. ಇನ್ನು ನಾಲ್ಕು ರೋಡಿಯಂಗಳ ಕಾರ್ಬೊನಿಲನ್ನು ಹೈಡ್ರೋಫಾರ್ಮೈಲೇಷನ್‌ಗೆ (ಆಲ್ಕೀನ್‌ಗೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸೇರಿಸಿ ಆಲ್ಡಿಹೈಡ್ ಮಾಡುವ ಕ್ರಿಯೆ) ಹಾಕಿದರೆ ಚೆನ್ನಾಗಿಯೇ ಓಡುತ್ತದೆ. ಆದರೆ ಒಳಗೆ ನೋಡಿದರೆ ಕ್ಲಸ್ಟರ್ ಒಡೆದು, ಕೆಲಸವೆಲ್ಲ ಒಂಟಿ ರೋಡಿಯಂನದೇ!

ಆದ್ದರಿಂದ "ಕ್ಲಸ್ಟರ್ ಹಾಕಿದೆ, ಕ್ರಿಯೆ ಆಯಿತು, ಕೊನೆಗೆ ಕ್ಲಸ್ಟರ್ ವಾಪಸ್ ಸಿಕ್ಕಿತು" ಅಂದರೆ ಏನೂ ಸಾಬೀತಾಗಲಿಲ್ಲ. ಒಂದಿಷ್ಟು ಒಡೆದು ಕೆಲಸ ಮಾಡಿ, ಉಳಿದದ್ದು ಸುಮ್ನೆ ಕೂತಿದ್ದಿರಬಹುದು, ಒಡೆದದ್ದೂ ಕೊನೆಗೆ ಮತ್ತೆ ಕೂಡಿಕೊಂಡಿರಬಹುದು. ಕ್ಲಸ್ಟರ್ ಸಾಂದ್ರತೆ ಇಳಿಸಿದಾಗ ಒಂದೊಂದು ಅಣುವಿನ ಲೆಕ್ಕದಲ್ಲಿ ವೇಗ ಏರಿದರೆ ಒಡೆಯುತ್ತಿದೆ ಅಂತ ಅನುಮಾನ ಪಡಬೇಕು. ಬಿಸಿ ಇರುವಾಗಲೇ ಸೋಸಿ ನೋಡಬೇಕು. ಪಾದರಸದ ಹನಿ ಹಾಕಿ ನೋಡೋದು ನ್ಯಾನೋಕಣಗಳನ್ನು ಹಿಡಿಯಲು ಒಳ್ಳೆಯದು, ಆದರೆ ಪಾದರಸ ಕೆಲವು ಕಾಂಪ್ಲೆಕ್ಸ್, ಕ್ಲಸ್ಟರ್‌ಗಳ ಜೊತೆಗೂ ಕ್ರಿಯೆ ನಡೆಸುತ್ತದೆ, ಅದೊಂದನ್ನೇ ನಂಬಬಾರದು. ಎರಡು ಬೇರೆ ಲೋಹಗಳ ಕ್ಲಸ್ಟರ್ ಆದರೆ, ಬಿಡಿ ಬಿಡಿಯಾಗಿ ಆ ಲೋಹಗಳು ಕೊಡದ ಉತ್ಪನ್ನವನ್ನು ಜೋಡಿ ಕೊಟ್ಟರೆ ಅದು ಬಲವಾದ ಸುಳಿವು. ಈ ಪರೀಕ್ಷೆಗಳನ್ನೆಲ್ಲ ಬೇಸರವಿಲ್ಲದೆ ಮಾಡುತ್ತೀರಾ, ವರ್ಷಗಟ್ಟಲೆ ದುಡಿದ ಮೇಲೆ "ನನ್ನ ಕ್ಲಸ್ಟರ್ ಬರೀ ಉಗ್ರಾಣ, ದುಡಿದದ್ದು ಬೇರೆ" ಅಂತ ಬರೆಯಬೇಕಾಗಿ ಬಂದರೆ ಬರೆಯುತ್ತೀರಾ? ಹೌದು ಅನ್ನೋದಾದರೆ ಬನ್ನಿ. ಅಂಥ ಥೀಸಿಸ್‌ಗೆ ಒಳ್ಳೆಯ ಪರೀಕ್ಷಕರು ಗೌರವ ಕೊಡುತ್ತಾರೆ.

ಇದರ ಹೊಸ ಕವಲು ಚಿನ್ನದ ಕಡೆ ಹೋಗಿದೆ. 102 ಚಿನ್ನದ ಪರಮಾಣುಗಳ ಥಯೋಲೇಟ್ (ಗಂಧಕದ ಮೂಲಕ ಅಂಟುವ ಹೊದಿಕೆಯ) ಕ್ಲಸ್ಟರ್ ರಚನೆ 2007ರಲ್ಲಿ, 25 ಚಿನ್ನದ್ದು 2008ರಲ್ಲಿ ಬಂತು. ಇಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರ್ ಭಯ ಇಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಮಾತ್ರ ಒಳ್ಳೆಯದು ಬೇಕು. ಜೀವರಸಾಯನದ ಕಡೆ ಒಲವಿದ್ದರೆ ಕಬ್ಬಿಣ-ಗಂಧಕದ ಕ್ಲಸ್ಟರ್‌ಗಳಿವೆ. ಗಾಳಿಯ ಸಾರಜನಕವನ್ನು ಅಮೋನಿಯ ಮಾಡುವ ನೈಟ್ರೋಜಿನೇಸ್ ಕಿಣ್ವದ ಹೃದಯದಲ್ಲಿ ಇರೋದೂ ಒಂದು ಕ್ಲಸ್ಟರೇ: ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ನಟ್ಟನಡುವೆ ಒಂದು ಇಂಗಾಲ. ಆ ನಡುವಿನದು ಇಂಗಾಲವೇ ಅಂತ ಖಚಿತವಾದದ್ದು 2011ರಲ್ಲಿ.

ಘನ ಕ್ಯಾಟಲಿಸ್ಟ್

ಸೋಸಿದರೆ ವಾಪಸ್ ಸಿಗುತ್ತದೆ, ಗಾಳಿಗೆ ಅಷ್ಟಾಗಿ ಹೆದರಬೇಕಿಲ್ಲ, ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾದದ್ದು ಇದೇ. ದೊಡ್ಡ ಕಂಪನಿಯ ಆರ್ ಅಂಡ್ ಡಿ ನಿಮ್ಮ ಗುರಿಯಾಗಿದ್ದರೆ ಜಾಸ್ತಿ ಯೋಚನೆ ಬೇಡ, ಇದನ್ನೇ ಹಿಡಿಯಿರಿ. ಪುಣೆಯ ಎನ್‌ಸಿಎಲ್‌ನಲ್ಲಿ ಪಾಲ್ ರತ್ನಸಾಮಿ ಅವರ ಕಾಲದಲ್ಲಿ ಜಿಯೊಲೈಟ್ ಮೇಲೆ ಆದ ಕೆಲಸ ಲ್ಯಾಬಿನಲ್ಲೇ ನಿಲ್ಲಲಿಲ್ಲ, ಎನ್‌ಸಿಲೈಟ್ ಹೆಸರಿನ ಕ್ಯಾಟಲಿಸ್ಟ್ ಕಾರ್ಖಾನೆಗೇ ಹೋಯಿತು. ನಮ್ಮ ದೇಶದಲ್ಲಿ ಹಾಗಾಗೋದು ಅಪರೂಪ.

ಆದರೆ "ಕೆಲಸ ಮಾಡಿದ್ದು ಯಾರು" ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಮಸುಕು. ಮೇಲ್ಮೈಯಲ್ಲಿ ಸಾವಿರ ಥರದ ಜಾಗಗಳಿರುತ್ತವೆ, ನಿಜವಾಗಿ ದುಡಿಯೋದು ಕೆಲವೇ ಇರಬಹುದು. ಅದಕ್ಕೇ ಈಗ ಇಲ್ಲಿಯವರೂ ಅಣುವಿನ ಕಡೆಗೇ ಬರುತ್ತಿದ್ದಾರೆ. 2011ರಲ್ಲಿ ಚೀನಾದ ಜಾಂಗ್ ತಾವ್ ಗುಂಪು ಕಬ್ಬಿಣದ ಆಕ್ಸೈಡ್ ಮೇಲೆ ಬಿಡಿ ಬಿಡಿ ಪ್ಲಾಟಿನಂ ಪರಮಾಣು ಕೂರಿಸಿ ತೋರಿಸಿತು. ಅದಕ್ಕೂ ಮುಂಚಿನಿಂದ ಇನ್ನೊಂದು ದಾರಿ ಇದೆ: ನಾಲ್ಕು ಇರಿಡಿಯಂಗಳ ಕಾರ್ಬೊನಿಲ್ ಕ್ಲಸ್ಟರನ್ನು ಆಕ್ಸೈಡ್ ಮೇಲೆ ಕೂರಿಸಿ, ಹದವಾಗಿ ಬಿಸಿ ಮಾಡಿ ಕಾರ್ಬೊನಿಲ್ ಹೊದಿಕೆ ತೆಗೆದು, ಲೋಹದ ಚೌಕಟ್ಟನ್ನಷ್ಟೇ ಉಳಿಸಿಕೊಳ್ಳೋದು. ಕ್ಲಸ್ಟರ್ ಮೇಲೆ ಪ್ರೀತಿ, ಉದ್ಯೋಗದ ಚಿಂತೆ ಎರಡೂ ಇರುವವರಿಗೆ ನಾನು ತೋರಿಸೋದು ಈ ದಾರಿಯನ್ನೇ. ಚೌಕಟ್ಟು ಉಳಿದಿದೆಯಾ ಅಂತ ನೋಡಲು ಸಿಂಕ್ರೋಟ್ರಾನ್ ಎಕ್ಸ್-ರೇ ಬೇಕು. ಅದು ಇಂದೋರ್‌ನ ಇಂಡಸ್-2ರಲ್ಲಿದೆ, ಮುಂಬೈಯಿಂದ ಒಂದು ರಾತ್ರಿಯ ರೈಲು.

ಊರು, ಸಂಸ್ಥೆ

ಪವಾಯಿಯ ಐಐಟಿ ಬಾಂಬೆಗೆ ಕ್ಲಸ್ಟರ್ ಪರಂಪರೆಯೇ ಇದೆ. ಕಬ್ಬಿಣದ ಕಾರ್ಬೊನಿಲ್ ಜೊತೆ ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಸೇರಿಸಿದ ಕ್ಲಸ್ಟರ್‌ಗಳ ಮೇಲೆ ಪ್ರದೀಪ್ ಮಾಥುರ್ ಅವರು ಬಹಳ ವರ್ಷ ಕೆಲಸ ಮಾಡಿದ್ದು ಅಲ್ಲೇ. ಆಮೇಲೆ ಅವರು ಐಐಟಿ ಇಂದೋರ್‌ನ ಮೊದಲ ನಿರ್ದೇಶಕರಾದರು. ಐಐಟಿ ಬಾಂಬೆಯ ಸೈಫ್ ಎಂಬ ಉಪಕರಣ ಕೇಂದ್ರಕ್ಕೆ ಹೊರಗಿನವರೂ ಶುಲ್ಕ ಕಟ್ಟಿ ಸ್ಯಾಂಪಲ್ ಕಳಿಸಬಹುದು. ಮುಂಬೈಯ ಬೇರೆ ಕಡೆ ಸೇರಿದವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮಾಟುಂಗಾದ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) 1933ರದು. ಅಲ್ಲಿ ರಸಾಯನಶಾಸ್ತ್ರಕ್ಕೆ ಕೆಮಿಕಲ್ ಎಂಜಿನಿಯರಿಂಗ್‌ನ ವಾಸನೆ ಇದೆ, ರಿಯಾಕ್ಟರ್, ವೇಗ, ಮರುಬಳಕೆ ಇದರ ಮಾತೇ ಜಾಸ್ತಿ. ಘನ ಆಮ್ಲ ಕ್ಯಾಟಲಿಸ್ಟ್‌ಗಳ ಮೇಲೆ ಜಿ.ಡಿ. ಯಾದವ್ ಅವರ ಹೆಸರು ದೊಡ್ಡದು. ಕೆಲಸ ಉದ್ಯಮಕ್ಕೆ ಹತ್ತಿರ ಇರಬೇಕು ಅನ್ನುವವರಿಗೆ ಒಳ್ಳೆಯ ಜಾಗ. ಮೈಸೂರು ಅಸೋಸಿಯೇಷನ್ ಕೂಡ ಮಾಟುಂಗಾದಲ್ಲೇ ಇದೆ, ಹೊಸದಾಗಿ ಬಂದವರಿಗೆ ಕನ್ನಡ ಕೇಳಿಸಿಕೊಳ್ಳಲು ದೂರ ಹೋಗಬೇಕಿಲ್ಲ.

ಪುಣೆಯ ಪಾಷಾಣ್ ಬಡಾವಣೆಯಲ್ಲಿ ಎನ್‌ಸಿಎಲ್, ಅದರ ಪಕ್ಕದಲ್ಲೇ 2006ರಲ್ಲಿ ಬಂದ ಐಸರ್ (ವಿಜ್ಞಾನ ಶಿಕ್ಷಣ, ಸಂಶೋಧನೆಯ ಕೇಂದ್ರ ಸಂಸ್ಥೆ). ಎನ್‌ಸಿಎಲ್ 1950ರಲ್ಲಿ ಶುರುವಾದದ್ದು, ರಘುನಾಥ ಚೌಧರಿ ಅವರ ಗುಂಪು ಹೈಡ್ರೋಫಾರ್ಮೈಲೇಷನ್ ವೇಗದ ಮೇಲೆ ಮಾಡಿದ ಕೆಲಸವನ್ನು ಈ ಕ್ಷೇತ್ರದವರು ಈಗಲೂ ಓದುತ್ತಾರೆ. ಮೂರೂ ದಾರಿಗೆ ಒಂದೇ ಊರು ಹೇಳಿ ಅಂದರೆ ನಾನು ಪುಣೆ ಅನ್ನುತ್ತೇನೆ. ಎರಡು ದೊಡ್ಡ ಸಂಸ್ಥೆ ಅಕ್ಕಪಕ್ಕ ಇದ್ದಾಗ ನಿಮ್ಮ ಕಡೆ ಉಪಕರಣ ಕೆಟ್ಟರೆ ಕೇಳಿಕೊಂಡು ಹೋಗಲು ಇನ್ನೊಂದು ಬಾಗಿಲಿರುತ್ತದೆ. ಹವೆಯೂ ಲೆಕ್ಕಕ್ಕೆ ಬರುತ್ತದೆ. ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಸಾಮಾನು ಒಣಗಿಸೋದೇ ಒಂದು ಕೆಲಸ. ಸೋಡಿಯಂ-ಬೆಂಜೋಫಿನೋನ್ ಸ್ಟಿಲ್‌ನ ನೀಲಿ ಬಣ್ಣ ಬೇಗ ಬೇಗ ಮಾಸಿದರೆ ಸಾಲ್ವೆಂಟಿಗೆ ತೇವವೋ ಗಾಳಿಯೋ ಸೇರುತ್ತಿದೆ ಅಂತ ಅರ್ಥ.

ಕಾರವಾರ, ಅಂಕೋಲಾದವರಿಗೆ ಗೋವಾ ಮನೆಯ ಅಂಗಳ. ತಾಳೆಗಾಂವ್‌ನ ಗೋವಾ ವಿಶ್ವವಿದ್ಯಾಲಯ, ಜುವಾರಿನಗರದ ಬಿಟ್ಸ್ ಇವೆ, ವಾಸ್ಕೋದಲ್ಲಿ ಕನ್ನಡದವರು ಬೇಕಾದಷ್ಟು, ವೆರ್ಣಾದಲ್ಲಿ ಔಷಧ ಕಾರ್ಖಾನೆಗಳಿವೆ. ಸಣ್ಣ ಗುಂಪಿನಲ್ಲಿ ಗೈಡ್ ದಿನಾ ಸಿಗುತ್ತಾರೆ, ಅದು ದೊಡ್ಡ ಲಾಭ. ನಿಮ್ಮ ವಿಷಯದವರು ಈಗ ಅಲ್ಲಿದ್ದಾರಾ ಅಂತ ವಿಭಾಗದ ಪುಟ ನೋಡಿಯೇ ಹೊರಡಿ.

ಹಣದ ವಿಷಯದಲ್ಲಿ ವ್ಯತ್ಯಾಸ ಕಡಿಮೆ. ಸಿಎಸ್‌ಐಆರ್-ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ (ಹಿರಿಯ ಶಿಷ್ಯವೇತನ) ಆದರೆ 42,000. ಅದೇ ಹಣ ಪುಣೆಯಲ್ಲಿ ಮುಂಬೈಗಿಂತ ಸ್ವಲ್ಪ ಜಾಸ್ತಿ ದಿನ ಬರುತ್ತದೆ, ಹಾಸ್ಟೆಲ್ ಸಿಕ್ಕರೆ ಆ ವ್ಯತ್ಯಾಸವೂ ಇಲ್ಲ.

ಸೇರುವ ಮೊದಲು ಲ್ಯಾಬ್ ನೋಡಿ

ವೆಬ್‌ಸೈಟ್ ನೋಡಿ ಸೇರಬೇಡಿ. ಗೈಡ್ ಜೊತೆ ಮಾತಾಡಿ ಮುಗಿದ ಮೇಲೆ ಒಬ್ಬ ಸೀನಿಯರ್ ಅಕ್ಕನನ್ನೋ ಅಣ್ಣನನ್ನೋ ಹಿಡಿದು ಲ್ಯಾಬ್ ತೋರಿಸಿ ಅನ್ನಿ. ಕಾರ್ಬನ್ ಮೊನಾಕ್ಸೈಡ್ ಸಿಲಿಂಡರ್ ಇದ್ದ ಕಡೆ ಡಿಟೆಕ್ಟರ್ ಇದೆಯಾ, ಅದು ಚಾಲೂ ಇದೆಯಾ ನೋಡಿ. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿಕಲ್ ಕಾರ್ಬೊನಿಲ್ ಅಂತೂ 43 ಡಿಗ್ರಿಗೇ ಕುದಿಯುವ ಕಡುವಿಷ. ಬ್ಯಾಟರಿ ಹೋಗಿ ಸುಮ್ಮನೆ ಗೋಡೆಗೆ ನೇತುಹಾಕಿದ್ದ ಡಿಟೆಕ್ಟರನ್ನು ಒಂದು ಲ್ಯಾಬಿನಲ್ಲಿ ನಾನೇ ನೋಡಿದ್ದೇನೆ. ಹಾಗಿದ್ದರೆ ಪೇಪರ್ ಎಷ್ಟೇ ಇರಲಿ, ಅಲ್ಲಿಗೆ ಹೋಗಬೇಡಿ.

ಆಮೇಲೆ ಶ್ಲೆಂಕ್ ಲೈನ್ (ಗಾಳಿ ತಾಗದಂತೆ ಕೆಲಸ ಮಾಡಲು ನಿರ್ವಾತ, ಜಡ ಅನಿಲ ಕೊಡುವ ಗಾಜಿನ ಕೊಳವೆ) ಹತ್ತಿರ ಹೋಗಿ, ದ್ರವ ಸಾರಜನಕದ ಟ್ರ್ಯಾಪ್ ಹೇಗೆ ಬಳಸುತ್ತಾರೆ ಅಂತ ಕೇಳಿ. ದ್ರವ ಸಾರಜನಕ ಇರೋದು ಮೈನಸ್ 196ರಲ್ಲಿ. ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗುತ್ತದೆ, ಆರ್ಗಾನ್ ಮೈನಸ್ 186ಕ್ಕೆ. ಅಂದರೆ ಲೈನ್ ಎಲ್ಲೋ ಸೋರಿ ಗಾಳಿ ಎಳೆದುಕೊಂಡರೆ ಟ್ರ್ಯಾಪಿನ ತಳದಲ್ಲಿ ತಿಳಿನೀಲಿ ದ್ರವ ಆಮ್ಲಜನಕ ಸೇರುತ್ತದೆ, ಸಾಲ್ವೆಂಟ್ ಜೊತೆ ಸೇರಿದರೆ ಅದು ಸ್ಫೋಟಕ. ಆರ್ಗಾನ್ ಹೆಪ್ಪುಗಟ್ಟಿ, ಯಾರೋ ವಾಲ್ವ್ ಮುಚ್ಚಿ, ಟ್ರ್ಯಾಪ್ ಬೆಚ್ಚಗಾದರೆ ಗಾಜು ಸಿಡಿಯುತ್ತದೆ. ಈ ಪ್ರಶ್ನೆಗೆ ಮೊದಲ ವರ್ಷದ ವಿದ್ಯಾರ್ಥಿ ಥಟ್ಟಂತ ಸರಿ ಉತ್ತರ ಕೊಟ್ಟರೆ, ಆ ಗುಂಪಿನಲ್ಲಿ ಹಿರಿಯರು ಕಿರಿಯರಿಗೆ ಕಲಿಸುತ್ತಾರೆ ಅಂತ ಗೊತ್ತಾಗುತ್ತದೆ.

ಕೊನೆಗೆ ಉಪಕರಣ. ಡಿಫ್ರಾಕ್ಟೋಮೀಟರ್‌ಗೆ ಹರಳು ಕೊಟ್ಟರೆ ಎಷ್ಟು ದಿನಕ್ಕೆ ಡೇಟಾ ಬರುತ್ತದೆ, ರಚನೆ ಬಿಡಿಸೋದು ವಿದ್ಯಾರ್ಥಿಯೇನಾ ಬೇರೆಯವರಾ, ಫಾಸ್ಫರಸ್ ಎನ್‌ಎಂಆರ್‌ಗೆ ರಾತ್ರಿ ಹೊತ್ತು ಸಮಯ ಸಿಗುತ್ತಾ, ಗ್ಲವ್‌ಬಾಕ್ಸ್ ಎಷ್ಟು ಮಂದಿ ಹಂಚಿಕೊಳ್ಳುತ್ತಾರೆ, ಒಂದೊಂದನ್ನೂ ಕೇಳಿ. ಕ್ಲಸ್ಟರ್ ಆಸೆ ಇಟ್ಟುಕೊಂಡು ಹೋದ ಜಾಗದಲ್ಲಿ ಮೊದಲ ಪ್ರಶ್ನೆಗೆ "ಹೊರಗೆ ಕಳಿಸುತ್ತೇವೆ, ಬಂದಾಗ ಬರುತ್ತದೆ" ಅಂತ ಉತ್ತರ ಬಂದರೆ, ಅದೇ ಗೈಡ್ ಹತ್ತಿರ ಒಂಟಿ ಲೋಹದ ಪ್ರಾಜೆಕ್ಟ್ ಇದೆಯಾ ಅಂತ ಅಲ್ಲೇ ವಿಚಾರಿಸಿ.